ಸಂಧಿ ಬಿಡಿಸಿದ ಸಾಲುಗಳು

ಕ್ಯಾತ್ಸಂದ್ರ, ಮಂಗಳವಾರ

ಅಂಜನಮೂರ್ತಿಗೆ,

ನೀನು ನನ್ನ ನಂಬರ್ ಬ್ಲಾಕ್ ಮಾಡಿರುವುದರಿಂದ ಕಡಬದ ಮನೆಯ ವಿಳಾಸಕ್ಕೆ ಕಾಗದ ಬರೆಯುತ್ತಿದ್ದೇನೆ.

ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ನೀನು ಬಿಟ್ಟ ಕನ್ನಡ ಕಾಗುಣಿತದ ಸಾಫ್ಟ್‌ವೇರ್‌ನಲ್ಲಿ ಸಂಧಿ ಬಿಡಿಸುವ ಭಾಗ ಕದ್ದ ಕೋಡ್ ಎಂದು ನಮ್ಮ ಕಂಪನಿ ಕೇಸು ಹಾಕಿತಲ್ಲ, ಆ ಕೋಡನ್ನು ಕಂಪನಿಗೆ ಬರೆದುಕೊಟ್ಟವಳು ನಾನೇ. ಕಾಲೇಜಿನ ಕೊನೆಯ ವರ್ಷ ನಾವಿಬ್ಬರೂ ಸೇರಿ ನಿನ್ನ ಲ್ಯಾಪ್‌ಟಾಪಿನಲ್ಲಿ ಬರೆದದ್ದನ್ನೇ ಕೆಲಸಕ್ಕೆ ಸೇರಿದ ಮೇಲೆ ಇಲ್ಲಿ ಮತ್ತೆ ಬರೆದೆ. ಎರಡೂ ಒಂದೇ ಥರ ಇರುವುದು ಅದಕ್ಕೆ.

"ನಾವಿಬ್ರೂ ಕಾಲೇಜಲ್ಲೇ ಮಾಡಿದ್ದು ಅಂತ ಒಂದ್ ಮಾತು ಹೇಳೇ ಸುಶ್ಮಿತಾ" ಎಂದು ನೀನು ಫೋನಿನಲ್ಲಿ ಕೇಳಿದಾಗ "ನಂಗೆ ಜ್ಞಾಪಕ ಇಲ್ಲ ಕಣೋ" ಅಂದೆ. ಮರುದಿನ, ನೀನು ಕದ್ದೆ ಎಂಬ ಹೇಳಿಕೆಗೆ ಸಹಿಯನ್ನೂ ಹಾಕಿದೆ.

ಹೋದ ವಾರ ನಿನ್ನ ಸಾಫ್ಟ್‌ವೇರನ್ನು ಮೊದಲ ಸಲ ತೆರೆದು ನೋಡಿದೆ. ಬರೆದವರ ಹೆಸರುಗಳಲ್ಲಿ ನನ್ನದನ್ನು ನಿನ್ನದಕ್ಕಿಂತ ಮೇಲೆ ಹಾಕಿದ್ದೀಯ. ನೋಡಿ, ಮುಚ್ಚಿಟ್ಟು, ಊಟ ಮಾಡಿದೆ. ಶುಕ್ರವಾರ ನಿನ್ನ ವಕೀಲರ ಬಳಿ ಹೋಗಿ ನಡೆದದ್ದನ್ನೆಲ್ಲ ಬರೆದುಕೊಟ್ಟೆ. ನಿನ್ನೆ ಕಂಪನಿಯವರು ನನ್ನನ್ನು ಕೆಲಸದಿಂದ ತೆಗೆದರು. ಅಳು ಬರಲಿಲ್ಲ.

ಆ ಹಳೆಯ ಲ್ಯಾಪ್‌ಟಾಪ್ ಇನ್ನೂ ಮನೆಯಲ್ಲಿದ್ದರೆ ಆನ್ ಮಾಡಬೇಡ, ಹಾಗೆಯೇ ವಕೀಲರಿಗೆ ಕೊಡು. ನಾವು ಅಂದು ಬರೆದ ಫೈಲಿನ ತಾರೀಖು ಸಾಕ್ಷಿಗೆ ಬೇಕಂತೆ, ಆನ್ ಮಾಡಿದರೆ ಅದು ಬದಲಾಗಬಹುದಂತೆ.

ಹದಿನಾಲ್ಕನೇ ತಾರೀಖು ತುಮಕೂರು ಕೋರ್ಟಿಗೆ ಬರುತ್ತೇನೆ. ಕಟಕಟೆಯಲ್ಲಿ ನಿಂತು ನಿನ್ನ ಮುಖ ನೋಡಲು ನನ್ನಿಂದ ಆಗುವುದಿಲ್ಲ. ಜಡ್ಜ್ ಕಡೆ ನೋಡಿಕೊಂಡೇ ಹೇಳುತ್ತೇನೆ.

ಸುಶ್ಮಿತಾ