ಸಮಾಧಿಯ ಮೇಲಿನ ಹೆಲ್ಮೆಟ್

ರಾರೊಟೊಂಗಾ, ಸೋಮವಾರ

ತಂಗೀ,

ನಿನ್ನ ಫೋನು ಕೆಟ್ಟು ಕೂತಿದೆ, ಅದಕ್ಕೆ ನಾನು ಪೆನ್ನು ಹಿಡಿಯಬೇಕು. ಐದನೇ ಕ್ಲಾಸಿಗೇ ಬಿಟ್ಟ ಕೆಲಸ ಇದು.

ನೀನು ಮತಾಯೊಗೆ ಕೊಡಿಸಿದ ಕೆಂಪು ಹೆಲ್ಮೆಟ್ ಎಲ್ಲಿದೆ ಗೊತ್ತೇ? ಪಕ್ಕದ ಮನೆಯ ಅಂಗಳದಲ್ಲಿ, ಅವನ ಗೆಳೆಯ ತೇರೆಯ ಸಮಾಧಿಯ ಮೇಲೆ! ತೇರೆ ಬರಿದಲೆಯಲ್ಲಿ ಬೈಕಿನಿಂದ ಬಿದ್ದು ಸತ್ತನಲ್ಲ, ಅವನಿಗೆಂದು ಇಟ್ಟುಬಂದಿದ್ದಾನೆ ನಿನ್ನ ಮಗ. ತಾನು ತಲೆಗೆ ಹೂವಿನ ದಂಡೆ ಸುತ್ತಿಕೊಂಡು ಅದೇ ರಸ್ತೆಯಲ್ಲಿ ಬೈಕು ಹಾರಿಸಿಕೊಂಡು ಹೋಗುತ್ತಿದ್ದ. ಸತ್ತವನಿಗೆ ಹೆಲ್ಮೆಟ್, ಬದುಕಿರುವವನಿಗೆ ಹೂವು. ಇದು ಯಾವ ಊರಿನ ನ್ಯಾಯ?

"ಬೇರೆ ತಗೊಳ್ಳೋ" ಎಂದೆ. "ಅವ್ನಿಗೆ ಇಲ್ದೇ ಇದ್ದಿದ್ದು ನಂಗ್ಯಾಕೆ, ದೊಡ್ಡಮ್ಮ?" ಎಂದ.

"ಅವ್ನಿಗೆ ಒಂದು ಹೆಲ್ಮೆಟ್ ಇಲ್ದೇ ಹೋಯ್ತು. ನಿಂಗೆ ಬುದ್ಧೀನೇ ಇಲ್ವಲ್ಲೋ!" ಎಂದು ಬೈದು ನಿನ್ನೆ ಬೈಕಿನ ಕೀಲಿ ಕಿತ್ತುಕೊಂಡೆ. ಈಗ ಅದು ನನ್ನ ದಿಂಬಿನಡಿ ಇದೆ.

ತೇರೆಯ ತಾಯಿ ಅಕಾಯಿತಿ ದಿನವೂ ಆ ಹೆಲ್ಮೆಟ್ಟನ್ನು ಒರೆಸಿ ಹೂವು ಏರಿಸುತ್ತಾಳೆ. ವಾಪಸ್ ಕೊಡೇ ಎಂದರೆ, "ಮಗನ ಸಮಾಧಿಗೆ ಕೊಟ್ಟಿದ್ದನ್ನ ನಾನಾಗಿ ಹೆಂಗೆ ಎತ್ಲಿ ಅಕ್ಕಾ? ಕೊಡಿಸಿದ ತಾಯಿ ಒಂದು ಮಾತು ಹೇಳ್ಲಿ. ನಾನೇ ಅವನ ತಲೆಗೆ ಹಾಕಿ ಪಟ್ಟಿ ಬಿಗೀತೀನಿ" ಎಂದಳು.

ಇಲ್ಲಿನ ಆಸ್ಪತ್ರೆಯ ಔಷಧಿಗೆ ನನ್ನ ಮಂಡಿಯ ಊತ ಇಳಿದಿದೆ. ಮುಂದಿನ ಶುಕ್ರವಾರ ನನಗೆ ಮಂಗಾಯಾ ದ್ವೀಪಕ್ಕೆ ವಾಪಸ್ ವಿಮಾನ. ನಾನು ಹೊರಟ ದಿನ ಕೀಲಿ ಅವನ ಕೈಗೆ ಹೋಗುತ್ತದೆ.

ಹೆಲ್ಮೆಟ್ ಎತ್ತು ಎಂದು ಅಕಾಯಿತಿಗೆ ಬರೆ. ನಿನ್ನ ಕಾಗದ ನಾನು ಹೊರಡುವ ಹಿಂದಿನ ದಿನ, ಗುರುವಾರದೊಳಗೆ, ಬರಬೇಕು.

ಅಕ್ಕ