ಅಮ್ಮನ ಹಿಮಗಾಡಿಯ ವಿಚಾರಣೆ

ರೆವೆಲ್‌ಸ್ಟೋಕ್
ಫೆಬ್ರವರಿ 11, ಮಂಗಳವಾರ

ಪ್ರೀತಿಯ ಅಮ್ಮಾ,

ಹಾಗೂ ಅಮ್ಮನ ಹೆಗಲ ಮೇಲಿಂದ ಇಣುಕಿ ಈ ಪತ್ರ ಓದುತ್ತಿರುವ ಸಮಸ್ತ ಹಿಮಸವಾರ ಮಹಾಜನರೇ, ಗಡ್ಡಕ್ಕೆ ಮಂಜುಗಡ್ಡೆ ಕಟ್ಟಿಕೊಂಡ ಹಿರಿಯರೇ, ಬೆನ್ನಿಗೆ ಸಲಿಕೆ ಕಟ್ಟಿಕೊಂಡ ಕಿರಿಯರೇ! ಈ ಘನ ಸಭೆಯ ಮುಂದೆ ಇಂದು ಒಂದು ಹಿಮಗಾಡಿಯ, ಅಂದರೆ ಸ್ನೋಮೊಬೈಲಿನ, ವಿಚಾರಣೆ ನಡೆಯಲಿದೆ. ಆರೋಪಿ: ನನ್ನ ತಾಯಿ ಶ್ರೀಮತಿ ಪಿಯೆರಿನಾ ಅವರ ಹಳದಿ ಗಾಡಿ. ಆರೋಪ: ಹೊಸ ಹಿಮ ಕಂಡಲ್ಲೆಲ್ಲ ಹೂತುಕೊಂಡು, ನಲವತ್ತು ವರ್ಷ ಬೆಟ್ಟ ಹತ್ತಿದವಳನ್ನು ಒಂದೇ ಚಳಿಗಾಲದಲ್ಲಿ ಬೆಟ್ಟ ಬಿಡಿಸಿದ್ದು. ಗದ್ದಲ ಬೇಡ. ಕಾಫಿ ಆಮೇಲೆ.

ಮೊದಲು ಆರೋಗ್ಯ. ಮಂಡಿ ಹೇಗಿದೆ? ನೀನಿರುವ ನಾನೈಮೊದಲ್ಲಿ ಮೂರು ವಾರದಿಂದ ಮಳೆ ನಿಂತಿಲ್ಲವಂತೆ. ಡಾರಿಯೊ ಫೋನ್ ಮಾಡಿದ್ದ. "ಅಮ್ಮ ಕಿಟಕಿ ಹತ್ರ ಕೂತು ಇಸ್ಪೀಟು ಕಲಸ್ತಾಳೆ ಕಣಕ್ಕಾ, ಆಡೋದೇ ಇಲ್ಲ" ಎಂದ. ಅವನ ಹೆಂಡತಿ ಮಾಡುವ ಪೊಲೆಂಟಾ, ಆ ಮೆಕ್ಕೆಜೋಳದ ಮುದ್ದೆ, ನೀರುನೀರು ಎಂದು ನೀನು ಬರೆದಿದ್ದೀ. ತೆಳ್ಳಗಿದ್ದರೂ ನುಂಗು, ಬೆಳ್ಳಗೆ ನಗುತ್ತ ನುಂಗು. ಸೊಸೆಯರ ಅಡುಗೆಗೆ ಅದೊಂದೇ ಮದ್ದು. (ನನ್ನ ಪ್ರಾಸ ಕೇಳಿದರೆ ಹಲ್ಲು ಜುಮ್ಮೆನ್ನುತ್ತದೆ ಎಂದು ನೀನು ಹೇಳುತ್ತೀ. ಈಗ ನಿನ್ನವು ಕಟ್ಟಿಸಿದ ಹಲ್ಲು, ಸಹಿಸಿಕೋ.)

ನಿನ್ನ ಕಾಗದ ತಲುಪಿತು. "ನನ್ನ ಕಾಲ ಮುಗೀತು ಲೋರೆನಾ, ಗಾಡಿ ಕೊಟ್ಟುಬಿಡು" ಎಂಬ ಸಾಲನ್ನು ನಾಲ್ಕು ಸಲ ಓದಿದೆ. ಕೊಳ್ಳುವವನು ಗೋಲ್ಡನ್ ಊರಿನವನು, ಶನಿವಾರ ಬರುತ್ತೇನೆಂದಿದ್ದಾನೆ. ಆದ್ದರಿಂದ ವಿಚಾರಣೆಗೆ ಉಳಿದಿರುವುದು ನಾಲ್ಕೇ ದಿನ.

ಸಭೆಯ ತಿಳಿವಳಿಕೆಗಾಗಿ ಹಿನ್ನೆಲೆ. ಎರಡು ವರ್ಷದ ಹಿಂದೆ, ಮಾರ್ಚ್‌ನಲ್ಲಿ, ಪಿಯೆರಿನಾ ಅವರು ಯಾರಿಗೂ ಹೇಳದೆ, ಮರಗಳ ಸಾಲು ದಾಟಿ, ಮರವೇ ಬೆಳೆಯದ ಎತ್ತರಕ್ಕೆ, ಒಬ್ಬರೇ ಕರಡಿಬೆನ್ನು ಬೆಟ್ಟದ ತುದಿಗೆ ಹೋದರು. ಮಗಳು ಕೆಳಗೆ ಟ್ರಕ್ಕಿನಲ್ಲಿ ಐದು ಗಂಟೆ ಕಾದಳು. ಅದೇ ವಾರ ಆ ಮಗ್ಗುಲಿನಲ್ಲಿ ಎರಡು ಸಲ ಹಿಮ ಕುಸಿದಿತ್ತು. ಹೊತ್ತು ಮುಳುಗುವಾಗ ನೀನು ಕೂದಲ ತುಂಬ ಹಿಮ ತುಂಬಿಕೊಂಡು ಇಳಿದು ಬಂದೆ. "ಏನೇ, ಮುಖ ಯಾಕೆ ಇಷ್ಟುದ್ದ? ಸೈಲೆನ್ಸರ್ ನುಂಗಿದೀಯಾ?" ಎಂದು ನನ್ನನ್ನು ಕೇಳಿದೆ. ಒಬ್ಬಳೇ ಹೋಗಬೇಡ ಎಂದು ನಾನು ಹೇಳಬೇಕೆಂದಿದ್ದೆ. ಅಪ್ಪ ಇದ್ದಾಗಲೇ ಆ ಮಾತು ನಿನ್ನ ಕಿವಿಗೆ ತಾಗುತ್ತಿರಲಿಲ್ಲ. ನಾನೂ ಏನೋ ಪ್ರಾಸ ಕಟ್ಟಿ ನಕ್ಕುಬಿಟ್ಟೆ. ಹೇಳಬೇಕಾದದ್ದನ್ನು ಹೇಳಲಾಗದವರಿಗೆ ಪ್ರಾಸ ಬಹಳ ಅನುಕೂಲ.

ಆಮೇಲೆ ಅದೇ ವರ್ಷದ ಅಕ್ಟೋಬರಿನಲ್ಲಿ ನೀನು ಗಾಡಿಯನ್ನು ನನ್ನ ರಿಪೇರಿ ಶೆಡ್ಡಿಗೆ ತಂದೆ. "ಇದಕ್ಕೆ ಪಿಕಪ್ಪು ಬೇಕು ಕಣೇ. ವೇಗ ಯಾರಿಗೆ ಬೇಕು? ಸೊಂಟದಷ್ಟು ಹೊಸ ಹಿಮದಲ್ಲಿ ನಿಂತಲ್ಲಿಂದ ಎದ್ದು, ಮರಗಳ ಮಧ್ಯೆ ಮೆಲ್ಲಗೆ ಹತ್ತಬೇಕು" ಎಂದೆ. ಮಾಡಬೇಕಾದ ಕೆಲಸ ಇಬ್ಬರಿಗೂ ಬಾಯಿಪಾಠವಾಗಿತ್ತು: ಗಾಡಿಯ ತಳಕ್ಕೆ ಇನ್ನೂ ಉದ್ದದ ರಬ್ಬರ್ ಪಟ್ಟಿ, ಅದಕ್ಕೆ ಹಿಮ ಅಗೆಯುವ ಎತ್ತರದ ಹಲ್ಲು. ಚೈನು ತಿರುಗಿಸುವ ಮೇಲಿನ ಹಲ್ಲುಚಕ್ರ, ಆ ಸ್ಪ್ರಾಕೆಟ್, ಚಿಕ್ಕದು. ಕ್ಲಚ್ಚಿನೊಳಗೆ ತಿರುಗುವ ತೂಕದ ತುಂಡುಗಳು ಈಗಿರುವುದಕ್ಕಿಂತ ಹಗುರ. ಎತ್ತರದಲ್ಲಿ ಗಾಳಿ ತೆಳು, ಇಂಜಿನ್ನಿಗೂ ಉಸಿರಿನ ಗೋಳು. ಭಾರದ ತುಂಡು ಹಾಕಿದರೆ ಅದು ಏದುಸಿರು ಬಿಟ್ಟು ಅಲ್ಲೇ ಕೂರುತ್ತದೆ. ಕೆಲಸ ಮುಗಿದ ದಿನ ಹೊಸ ಪಟ್ಟಿಯನ್ನು ನೀನು ಕರುವಿನ ಬೆನ್ನು ತಟ್ಟಿದ ಹಾಗೆ ತಟ್ಟಿದೆ. ಕ್ಲಚ್ಚಿನ ಮುಚ್ಚಳ ಬಿಚ್ಚಿ ನೋಡಲಿಲ್ಲ. ಮಗಳು ಹಾಕಿದ್ದನ್ನು ಯಾಕೆ ನೋಡಬೇಕು?

ಸಾಕ್ಷಿ: ಗೋರ್ಡ್ ಹಾಲ್ವರ್ಸನ್, ನಿನ್ನ ಮೂವತ್ತು ವರ್ಷದ ಜೊತೆ ಸವಾರ. ಬೆಟ್ಟದ ಮೇಲಿನ ಗುಡಿಸಲಿನ ಹಲಗೆ ನೆನಪಿದೆಯಲ್ಲ? ಹಿಮದಲ್ಲಿ ಹೂತುಕೊಂಡವರು ತಾವೇ ಸೀಮೆಸುಣ್ಣದಿಂದ ಹೆಸರು ಬರೆದು, ಹೂತುಕೊಂಡಷ್ಟು ಸಲ ಗೆರೆ ಎಳೆಯಬೇಕು. ಆ ಹಲಗೆ ನಿನ್ನ ಅಕ್ಷರವನ್ನೇ ಕಂಡಿರಲಿಲ್ಲ. ಹೋದ ವರ್ಷ ಜನವರಿಯ ಮೊದಲ ದಿನ ಮೂರು ಗೆರೆ. "ಏನಮ್ಮಾ ಪಿಯೆರಿನಾ, ಆಲೂಗಡ್ಡೆ ನೆಡ್ತಿದೀಯಾ? ಎಲ್ನೋಡಿದ್ರೂ ನಿನ್ನವೇ ಗುಂಡಿ!" ಎಂದ ಗೋರ್ಡ್. ನೀನೂ ನಕ್ಕೆ, ಕೈಗವಸು ಬೀಸಿ ಹೊಡೆದೆ. ಎರಡನೆಯ ವಾರ ಏಳು ಗೆರೆ. ಆ ದಿನ ಅವನು ತಮಾಷೆ ಮಾಡಲಿಲ್ಲ, ನಿನ್ನ ಗಾಡಿಯ ಸುತ್ತ ಅಗೆದ. ನಿನಗೆ ನಾಟಿದ್ದು ಅದೇ ಎಂದು ನನಗೆ ಗೊತ್ತಾಯಿತು.

ಅವತ್ತು ಸಂಜೆ ಗಾಡಿಯನ್ನು ಟ್ರಕ್ಕಿಗೆ ಏರಿಸುವಾಗ ನೀನು ಹೇಳಿದೆ: "ಗಾಡಿಗೆ ನೀನು ಎಲ್ಲಾ ಮಾಡಿದೀಯಮ್ಮ. ಈ ಮೈಗೆ ಯಾರು ರಿಪೇರಿ ಮಾಡ್ತಾರೆ, ಬಿಡು." ನಾನು ಹಗ್ಗ ಬಿಗಿಯುತ್ತಿದ್ದೆ. ಬಿಗಿದದ್ದನ್ನೇ ಮತ್ತೆ ಬಿಗಿದೆ. ವಸಂತ ಬರುವ ಹೊತ್ತಿಗೆ ನೀನು ಡಾರಿಯೊ ಮನೆಗೆ ಹೊರಟಿದ್ದೆ, ಹಿಮದ ಬೂಟುಗಳನ್ನು ಇಲ್ಲೇ ಬಿಟ್ಟು.

ಸಭೆ ಎಲ್ಲರನ್ನೂ ಶಂಕಿಸಿ ನೋಡಿತು: ಎತ್ತರವನ್ನು, ಒದ್ದೆ ಹಿಮವನ್ನು, ಪೆಟ್ರೋಲನ್ನು, ಅರವತ್ತೊಂಬತ್ತನೆಯ ವಯಸ್ಸನ್ನು. ಕೊನೆಯದರ ಮೇಲೆ ಎಲ್ಲರಿಗೂ ಅನುಮಾನ, ಅದಕ್ಕೆ ಮಾತ್ರ ವಕೀಲರಿರಲಿಲ್ಲ. ತೀರ್ಪನ್ನು ಕಾದಿರಿಸಲಾಗಿದೆ.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಮಕ್ಕಳಿಗೆ ಮುತ್ತು, ಡಾರಿಯೊಗೆ ಒಂದು ಗುದ್ದು, ಅವನ ಹೆಂಡತಿಗೆ ನನ್ನ ಹೃತ್ಪೂರ್ವಕ ಸಹಾನುಭೂತಿ. ನಿನ್ನ ಕೈಗಳಿಗೆ ನನ್ನ ಹಣೆ.

ನಿನ್ನ ಮಗಳು,
ಲೋರೆನಾ

ತಾ.ಕ.: ಅಂಚೆ ಹೊರಡುವ ಹೊತ್ತಾಯಿತು. ಮಹಾಜನರು ದಯವಿಟ್ಟು ಎದ್ದು ಹೊರಗೆ ಹೋಗಿ, ಅಮ್ಮನ ಹತ್ತಿರ ಮಾತಾಡಬೇಕು. ಅಮ್ಮಾ, ಸ್ಪ್ರಾಕೆಟ್ಟನ್ನು ನಾನು ಬದಲಿಸಲೇ ಇಲ್ಲ. ಕ್ಲಚ್ಚಿನ ತೂಕವನ್ನು ಇಳಿಸಲಿಲ್ಲ, ಏರಿಸಿದೆ, ಒಂದೊಂದಕ್ಕೂ ಆರು ಗ್ರಾಂ. ಗಾಡಿ ಮರಗಳ ಸಾಲು ದಾಟದಿರಲಿ ಎಂದು, ಬೇಕಂತಲೇ. ಭಾನುವಾರ ಎಲ್ಲವನ್ನೂ ನೀನು ಹೇಳಿದ್ದಂತೆಯೇ ಮಾಡಿ, ಗೋರ್ಡ್‌ಗೆ ನಿಜ ಹೇಳಿ, ಕೀಲಿ ಕೊಟ್ಟೆ. ಒಂದು ಸಲವೂ ಹೂತುಕೊಳ್ಳದೆ ಹತ್ತಿ ಇಳಿದ. ನನ್ನ ಜೊತೆ ಮಾತಾಡದೆ ಮನೆಗೆ ಹೋದ. ಗೋಲ್ಡನ್ನಿನವನಿಗೆ ಬರಬೇಡ ಎಂದಿದ್ದೇನೆ. ಕೊಡುವುದಾದರೆ ನೀನೇ ಬಂದು ಓಡಿಸಿ ನೋಡಿ ಕೊಡು. ನಿನಗೆ ವಯಸ್ಸಾಯಿತೆಂದು ನಾನು ಹೆದರಿದ್ದೆ, ಅದನ್ನು ನೀನು ನಂಬುವ ಹಾಗೆ ಮಾಡಿಬಿಟ್ಟೆ.