ಅಳಿಸಿದರೂ ಉಳಿದ ಷೂ

ಅಪ್ಪಾ,

ಮಂಡಿನೋವು ಹೇಗಿದೆ?

ನೀನು ನನಗೊಪ್ಪಿಸಿದ ಷೂ ಅಂಗಡಿಯಲ್ಲಿ ಮೊನ್ನೆ ಪೈಪು ಒಡೆದು ಕಂಪ್ಯೂಟರ್ ನೀರು ಕುಡಿಯಿತು. ಗಿರಾಕಿಗಳ ಕಾಲಿನ ಅಳತೆ, ಷೂಗಳ ನಕ್ಷೆ ಎಲ್ಲ ಅದರಲ್ಲೇ ಇದ್ದವು. ಆದರೆ ಪ್ರತಿಗಳನ್ನು ಕ್ಲೌಡ್‌ನಲ್ಲಿ ಇಟ್ಟಿದ್ದೆ. “ಮೋಡದಲ್ಲಿಟ್ರೆ ಮಳೆ ಜೊತೆ ಸುರಿದುಹೋಗಲ್ವೇನೇ?” ಎಂದು ನಕ್ಕಿದ್ದೆಯಲ್ಲ, ಅಲ್ಲಿಂದ ಒಂದೂ ಬಿಡದೆ ವಾಪಸು ಬಂದವು.

ಬೇಡವೆಂದು ಅಳಿಸಿದವೂ ಬಂದವು. ಅವುಗಳಲ್ಲಿ ನೀನು ಬರೆದು ಅಳಿಸಿದ ಒಂದೇ ನಕ್ಷೆ ಮೂರು ಸಲ ಇದೆ. ಎಡಗಾಲಿನ ಷೂ, ಹಿಮ್ಮಡಿ ಎರಡು ಬೆರಳು ಎತ್ತರ, ಗಿರಾಕಿಯ ಹೆಸರಿಲ್ಲ. ಯಾರದಿರಬಹುದೆಂದು ನಮ್ಮಂಗಡಿಯ ಹೊಲಿಗೆಯ ಮಾಮನನ್ನು ಕೇಳಿದೆ. ಅವರು ನನ್ನ ಮುಖ ನೋಡದೆ, “ನಂಗೇನಮ್ಮಾ ಗೊತ್ತು, ನಿಮ್ಮಪ್ಪನ್ನೇ ಕೇಳು” ಎಂದರು.

ಬಾಗಿಲು ಹಾಕಿಕೊಂಡು ನನ್ನ ಗಿಡ್ಡ ಎಡಗಾಲನ್ನೇ ಅಳೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನೀನು ಅಳತೆ ಯಾವಾಗ ತೆಗೆದುಕೊಂಡೆ, ನಾನು ಮಲಗಿದ್ದಾಗಲಾ?

ಮನೆಯಲ್ಲಿ ಯಾರೂ ಎತ್ತದ ಈ ಕಾಲಿನ ಮಾತನ್ನು ನಾನೂ ಎತ್ತುವುದಿಲ್ಲ. ಇನ್ನು ಮುಂದೆ ನನ್ನನ್ನು ಕೇಳದೆ ಏನನ್ನೂ ಅಳಿಸಬೇಡ, ಅಷ್ಟೇ. ಆ ನಕ್ಷೆಯಂತೆ ಕಂದು ಚರ್ಮ ಕತ್ತರಿಸಿಯಾಗಿದೆ. ಶನಿವಾರ ಅಂಗಡಿಗೆ ಬಾ, ಹಿಮ್ಮಡಿಯನ್ನು ನೀನೇ ಕೂರಿಸಬೇಕು.

ಕಾಯುತ್ತಿರುವ
ನಿನ್ನ ಮಗಳು